ಹಿಂದೆ ಇರೋದೆಲ್ಲ ಬೆಣ್ಣೆ

ನನ್ನನ್ನು ನೋಡಲು ಬಂದ ದಿನ ನಮ್ಮ ಯಜಮಾನರು ಕೃಷ್ಣಕುಮಾರ್ ಅರ್ಧ ಗಂಟೆಯಲ್ಲಿ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹುಡುಗಿ ಒಪ್ಪಿಗೆ ಎಂದು ಎದ್ದುಹೋಗಿದ್ದರು. ಅದೇ ಮನುಷ್ಯನಿಗೆ ಒಂದು ಲೆನ್ಸು ಒಪ್ಪಲು ಹನ್ನೊಂದು ತಿಂಗಳು ಬೇಕಾಯಿತು.

ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಸ್ಟುಡಿಯೋ ಇದೆ. ಇವರು ಫೋಟೋ ತೆಗೆಯುತ್ತಾರೆ. ನಾನು ಲೈಟು ಹಿಡಿಯುತ್ತೇನೆ, ಆಲ್ಬಮ್ಮು ಜೋಡಿಸುತ್ತೇನೆ, ಗಿರಾಕಿಗಳ ಬಾಯಿಗೆ ಸಿಗುತ್ತೇನೆ. ಹಳೆಯ ದಪ್ಪ ಕ್ಯಾಮೆರಾ ಕೈಕೊಟ್ಟ ಮೇಲೆ ಅಂಗೈಯಗಲದ ಮಿರರ್‌ಲೆಸ್ ತಂದೆವು. ಅದರ ಜೊತೆಗೇ ಒಂದು ಝೂಮ್ ಲೆನ್ಸು ಬಂದಿತ್ತು. ಈ ಕಡೆ ತಿರುಗಿಸಿದರೆ ಇಡೀ ಹಸೆಮಣೆ, ಆ ಕಡೆ ತಿರುಗಿಸಿದರೆ ಮದುಮಗಳ ಮೂಗುಬೊಟ್ಟು. ನನ್ನಂಥ ದಡ್ಡಿಗೆ ಅದು ಸಾಕಿತ್ತು. ಇವರಿಗೆ ಸಾಲುತ್ತದೆಯೇ? ಮೊಬೈಲಿನಲ್ಲಿ ಯಾವನೋ ಗಡ್ಡದವನು, ಝೂಮ್ ಸೋಮಾರಿಗಳಿಗೆ, ಪ್ರೈಮ್ ಕಲಾವಿದರಿಗೆ ಎಂದು ಅಪ್ಪಣೆ ಕೊಡಿಸಿಬಿಟ್ಟಿದ್ದ. ಪ್ರೈಮ್ ಎಂದರೆ ತಿರುಗಿಸಲು ಏನೂ ಇಲ್ಲದ ಲೆನ್ಸು. ಹತ್ತಿರ ಕಾಣಬೇಕೆಂದರೆ ನಾವೇ ಹತ್ತಿರ ಹೋಗಬೇಕು, ದೂರವೆಂದರೆ ದೂರ.

"ಕಾಲೇ ಝೂಮು ಕಣೇ ವನಿತಾ," ಎಂದರು. ಎರಡು ಮನೆ ಆಚೆಗಿನ ಹಾಲಿನ ಅಂಗಡಿಗೂ ಸ್ಕೂಟರ್ ಹತ್ತುವ ಕಾಲು!

ಕೊನೆಗೆ ಪ್ರೈಮ್ ಮನೆಗೆ ಬಂತು. ಆರತಿ ಎತ್ತುವುದೊಂದು ಬಾಕಿ. ಮೊದಲ ಫೋಟೋ ನನ್ನದೇ ತೆಗೆದರು. ಮೂಗು ಸ್ಪಷ್ಟ, ಕಿವಿ ಮಂಜು.

"ನೋಡು, ಹಿಂದೆ ಇರೋದೆಲ್ಲ ಹೆಂಗೆ ಕರಗಿ ಬೆಣ್ಣೆ ಆಗ್ಯದೆ!"

ಹಿಂದೆ ಇದ್ದದ್ದು ನಾನು ಎರಡು ದಿನ ಬಗ್ಗಿ ಎದ್ದು ಒಪ್ಪ ಮಾಡಿದ್ದ ಅಡುಗೆಮನೆ.

ಹದಿನಾರು ಎಂಬ ಊರಿನ ಸಿದ್ದಲಿಂಗಮ್ಮ ಬಂದದ್ದು ಅದೇ ವಾರ. ಗಂಡ ತೀರಿಕೊಂಡು ಆರು ವರ್ಷ. ಒಬ್ಬಳೇ ಮಗಳು ಶಿವರಂಜನಿಯ ಮದುವೆಯನ್ನು ನರಸೀಪುರದ ಒಂದು ಛತ್ರದಲ್ಲಿ ಇಟ್ಟುಕೊಂಡಿದ್ದರು. ಇವರ ಹತ್ತಿರ ದಿನ, ಹೊತ್ತು ಎಲ್ಲ ಮಾತಾಡಿ ಮುಗಿಸಿ, ಆಮೇಲೆ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದರು:

"ತಾಳಿ ಕಟ್ಟೋವಾಗ ನಾನು ಅಸೆ ತಾವ್ಕೆ ಬರಂಗಿಲ್ಲ ಕಣವ್ವ. ನಮ್ ಬಾವ್ನೋರು ಒಪ್ಪಕಿಲ್ಲ. ಇಂದೆ ಕಂಬದ ತಾವ ನಿಂತಿರ್ತೀನಿ. ಆ ಒಂದ್ ಪಟದಲ್ಲಿ ಮಗಳ ಜತೆ ನನ್ ಮೊಕನೂ ಬರಂಗೆ ಮಾಡ್ಕೊಡಿ. ಮಿಕ್ಕಿದ್ದು ಎಂಗಾರ ತೆಗೀರಿ."

ಭಾವನವರೆಂದರೆ ಪುಟ್ಟಬಸವಯ್ಯ, ಹುಡುಗಿಯ ದೊಡ್ಡಪ್ಪ. ದೇವರ ಮುಂದೆ ಎಲ್ಲರೂ ಸಮ ಎಂದು ಲಗ್ನಪತ್ರಿಕೆಯ ನೆತ್ತಿಯ ಮೇಲೆ ಅಚ್ಚು ಹಾಕಿಸಿದವರು ಅವರೇ. ಹಸೆಯ ಮುಂದೆಯೂ ಸಮ ಎಂದು ಪಾಪ ಅವರೆಲ್ಲಿ ಹೇಳಿದ್ದರು?

ಮದುವೆಯ ಬೆಳಿಗ್ಗೆ ನಾನು ಸಿದ್ದಲಿಂಗಮ್ಮ ಕೇಳಿದ್ದನ್ನು ಇವರಿಗೆ ಇನ್ನೊಮ್ಮೆ ನೆನಪಿಸಿ, ಝೂಮನ್ನು ಬ್ಯಾಗಿಗೆ ಹಾಕಿದೆ. ಇವರು ತೆಗೆದು ಬೀರುವಿನ ಮೇಲಿಟ್ಟರು.

"ಅದು ಪಕ್ಕದಲ್ಲಿದ್ರೆ ಕೈ ಅಲ್ಲಿಗೇ ಹೋಯ್ತದೆ," ಎಂದರು, ಬೀಡಿ ಬಿಟ್ಟವರ ಹಾಗೆ.

ಮುಹೂರ್ತದ ಹೊತ್ತಿಗೆ ವಾಲಗ ಜೋರಾಯಿತು. ಕಾಲೇ ಝೂಮು ಎಂದವರ ಬೆನ್ನಿಗೆ ವಿಡಿಯೋದವನ ಸ್ಟ್ಯಾಂಡು, ಅದರ ಹಿಂದೆ ಗಂಡಿನ ಕಡೆಯ ಹತ್ತು ರೇಷ್ಮೆ ಸೀರೆ. ಒಂದಡಿ ಹಿಂದೆ ಸರಿಯಲು ಜಾಗವಿಲ್ಲ. ಮದುಮಕ್ಕಳ ನೇರ ಹಿಂದೆ, ಕಂಬದ ಬಳಿ, ನೀಲಿ ಸೀರೆಯುಟ್ಟ ಸಿದ್ದಲಿಂಗಮ್ಮ. ಗಂಡು ತಾಳಿ ಎತ್ತಿಕೊಂಡಾಗ ಅವರು ತಮಗೇ ತಿಳಿಯದೆ ಮೂರ್ನಾಲ್ಕು ಹೆಜ್ಜೆ ಮುಂದೆ ಬಂದರು. "ಅಮ್ಮಾ, ಲೈಟಿಗೆ ಅಡ್ಡ ಆಗುತ್ತೆ, ಹಿಂದಕ್ಕೋಗಿ," ಎಂದೆ. ಸರಿದರು. ಅಕ್ಷತೆ ಬಿತ್ತು. ಇವರು ಮೂವತ್ತು ಫೋಟೋ ಹೊಡೆದರು.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ, ಏನು ಹೇಳಲಿ ಆ ಕಲೆಯನ್ನು! ಗಂಡಿನ ಬೆರಳಿನ ಕೂದಲು ಎಣಿಸಬಹುದು. ಅಕ್ಕಿಕಾಳು ಗಾಳಿಯಲ್ಲೇ ನಿಂತಿವೆ. ಹಿಂದೆ ಒಂದು ನೀಲಿ ಮುದ್ದೆ. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಮೂವತ್ತರಲ್ಲೂ ಹಾಗೇ.

"ಲೆನ್ಸಿನ ಬಾಯಿ ಸ್ವಲ್ಪ ಕಿರಿದು ಮಾಡಿದ್ದರೂ ಮುಖ ಬರ್ತಿತ್ತಲ್ಲ ರೀ," ಎಂದೆ.

"ಇಷ್ಟಗಲ ತೆರೆಯೋ ಲೆನ್ಸ್ ತಗಂಡು ಮುಚ್ಚಿ ತೆಗೆಯಕ್ಕಾ?"

ಆ ವಾರವೆಲ್ಲ ಬೈದೆ. ತಟ್ಟೆ ಇಡುವಾಗ ಬೆಣ್ಣೆ ಹಾಕಲೇ ಎಂದು ಕೇಳಿದೆ. ಸುಳ್ಳೇಕೆ, ಬೈಯುವುದು ಹಿತವಾಗಿಯೇ ಇತ್ತು. ಝೂಮೇ ಸಾಕು ಎಂದು ಹನ್ನೊಂದು ತಿಂಗಳು ನಾನು ಹೇಳಿದ್ದು ಸರಿಯಾಗಿತ್ತಲ್ಲ.

ಆಲ್ಬಮ್ಮಿಗೆ ಸಿದ್ದಲಿಂಗಮ್ಮ ಒಬ್ಬರೇ ಬಂದರು. ಬೇರೆ ಯಾವ ಪುಟವನ್ನೂ ನೋಡದೆ ತಾಳಿಯ ಫೋಟೋಗೆ ಹೋದರು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. ನೀಲಿಯ ಮೇಲೆ ಬೆರಳಿಟ್ಟರು.

"ಇದು ನಾನು ಅಲ್ವಾ?"

ಇವರ ಮುಖ ಬಾಡಿಹೋಯಿತು. "ನನ್ದೇ ತಪ್ಪು ಕಣಮ್ಮ. ಆ ಝೂಮ್ ಲೆನ್ಸ್ ತರಬೇಕಿತ್ತು, ತರ್ನಿಲ್ಲ. ಮಗಳು ಬಂದಾಗ ಹೇಳಿ ಕಳಿಸಿ, ಇಬ್ಬರನ್ನೂ ನಿಲ್ಲಿಸಿ ತೆಗೆದುಕೊಡ್ತೀನಿ."

"ತಾಳಿ ಇನ್ನೊಂದ್ ದಪ ಕಟ್ತಾರಾ ಸಾ?" ಎಂದು ನಕ್ಕರು. "ಬುಡಿ. ಅವತ್ತು ಅಲ್ಲಿದ್ದೋರೆಲ್ಲ ನನ್ನ ಕಂಡಿದ್ದು ಇಂಗೇಯ. ಪಟ ಸರ್ಯಾಗೇ ಬಂದದೆ."

ಆಲ್ಬಮ್ಮನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲ ತನಕ ಹೋದವರು ನನ್ನತ್ತ ತಿರುಗಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ.

"ಮುಂದಕ್ಕೆ ಬಂದಿದ್ದೆ ಕಣವ್ವ. ಅಲ್ಲೇ ನಿಂತಿದ್ರೆ ಮೊಕ ಬತ್ತಿತ್ತೋ ಏನೋ. ಲೈಟಿಗೆ ಅಡ್ಡ ಅಂದ್ರಲ್ಲ, ಸರಿದ್ಬುಟ್ಟೆ."

ಅವರು ಹೋದರು. ಇವರು ತಲೆಯೆತ್ತಿ ನನ್ನನ್ನೇ ನೋಡಿದರು. ಅವತ್ತು ಲೈಟು ಕಂಬದ ಕಡೆ ಇರಲೇ ಇಲ್ಲ, ಎದುರು ಗೋಡೆಯ ಕಡೆ ಇತ್ತು. ಅದನ್ನು ಅಲ್ಲಿ ನಿಲ್ಲಿಸಿದವರು ಇವರೇ. ಸಿದ್ದಲಿಂಗಮ್ಮ ಮುಂದೆ ಬಂದಾಗ ಪುಟ್ಟಬಸವಯ್ಯನವರ ಹುಬ್ಬು ಗಂಟಿಕ್ಕಿದ್ದನ್ನು ನಾನು ನೋಡಿದ್ದೆ. ಅವರು ಬಾಯಿಬಿಟ್ಟು ಹೇಳುವ ಮೊದಲೇ ಅವರ ಮಾತನ್ನು ನಾನು ಆಡಿದ್ದೆ.

ಮನೆಗೆ ಹೋದ ಮೇಲೆ ಇವರು ಬೀರುವಿನ ಮೇಲಿದ್ದ ಝೂಮನ್ನು ಇಳಿಸಿ, ಧೂಳು ಒರೆಸಿ, ಬ್ಯಾಗಿಗೆ ಹಾಕಿದರು. ಇವರ ತಪ್ಪನ್ನೇನೋ ಸರಿಪಡಿಸಲು ಅಷ್ಟು ಸಾಕಿತ್ತು.