ಕುತ್ತಿಗೆಯ ಮೇಲೆ ಐದು ಬೆರಳು

ಹಳದಿ ಪುಡಿ, ಬೆರಳ ತುದಿಗೆ ಅಂಟಿದ್ದು ಹೋಗುವುದೇ ಇಲ್ಲ, ಹಸೀನಾಬಿ ಗಂಡು ಹೂವಿನ ಎಸಳು ಹಿಂದಕ್ಕೆ ಮಡಚಿ ಹೆಣ್ಣು ಹೂವಿನ ತುದಿಗೆ ಸವರುತ್ತಾಳೆ, ಹಲಗೇರಿಯ ಬೀಜದ ಹತ್ತಿಯ ಹೊಲದಲ್ಲಿ ಮುಂಜಾನೆಯ ಕೆಲಸ ಇಷ್ಟೇ, ಮುಂದೆ ಕಾಯಿ ಕಟ್ಟಿಸುವವನು ಅಲ್ಲಾಹ್ — ಆದರೆ ಸವರದೆ ಬಿಟ್ಟರೆ ಹೂವು ಉದುರುತ್ತದೆ, ಅದನ್ನೂ ಕಂಡಿದ್ದಾಳೆ. ಇವತ್ತು ಜುಮ್ಮಾ ನಮಾಜು ಮುಗಿಯುವುದರೊಳಗೆ ನಿಕಾಹಕ್ಕೆ ಹೂಂ ಅನ್ನಬೇಕು, ಇಲ್ಲಾ ಒಲ್ಲೆ ಅನ್ನಬೇಕು, ಅಣ್ಣ ಎಸ್‌ಟಿಡಿ ಬೂತಿನಿಂದ ಬ್ಯಾಡಗಿಗೆ ಫೋನು ಹಚ್ಚುತ್ತಾನೆ, ಅಲ್ಲಿ ಗಾದಿ ಹೊಲಿಯುವ ಇಸಾಕಸಾಬ ಕಾಯುತ್ತಿದ್ದಾನೆ, ಹೆಂಡತಿ ಸತ್ತವನು, ಇವಳು ಗಂಡ ಸತ್ತವಳು, ಅಣ್ಣನದೊಂದೇ ಮಾತು, ತಕದೀರದಾಗ ಬರದದ್ದು ಆಗೇ ಆಗ್ತೈತಿ, ನೀ ಯಾಕ ತಲಿ ಕೆಡಿಸ್ಕೋತಿ — ಬರೆದೇ ಆಗಿದ್ದರೆ ಕಾಜಿ ಮೂರು ಸಲ ಕೇಳುವುದು ಯಾಕೆ? ಮೊದಲ ನಿಕಾಹದಲ್ಲಿ ಕೇಳಿದ್ದರು, ಹತ್ತೊಂಬತ್ತರ ಹಸೀನಾ, ಮುಸುಕಿನೊಳಗೆ ಬೆವರು, ಮಲ್ಲಿಗೆ, ಕಬೂಲ ಐತೇನವಾ, ಒಪ್ಪಿಗಿ ಐತೇನು, ಬಾಯಿ ಬರಲಿಲ್ಲ, ಹಿಂದಿನಿಂದ ಅವ್ವನ ತಂಗಿ ಖಾಲಾಳ ಕೈ ಬಂತು, ಕುತ್ತಿಗೆಯ ಮೇಲೆ ಐದು ಬೆರಳು, ತಲೆ ಬಗ್ಗಿತು, ಮೂರು ಸಲವೂ ಬಗ್ಗಿತು, ಹುಡುಗಿ ಒಪ್ಪಿದಳು ಅಂತ ಖರ್ಜೂರ ಹಂಚಿದರು. ಗಂಡ ಕೆಟ್ಟವನೇನಲ್ಲ, ಪಾಪ, ಆದರೂ ಆ ಹೂಂ ಯಾರದು? ಮೌಲ್ವಿ ಸಾಹೇಬರನ್ನು ಪರದೆಯ ಈಚೆಯಿಂದ ಕೇಳಿಯೇಬಿಟ್ಟಿದ್ದಳು, ಅವರು ನಕ್ಕರು, ತಂಗೀ, ಕೈಯಾಗಿನ ಬಲ ಹುಟ್ಟಿಸಾಂವ ಅಲ್ಲಾಹ್, ಕೈ ಮಾಡೋ ಕೆಲಸ ಹುಟ್ಟಿಸಾಂವನೂ ಅವನ, ಆದರ ಮನಸ್ಸು ಮಾಡಾಕಿ ನೀ, ಅದಕ್ಕ ಅದು ನಿಂದಾಗ್ತೈತಿ, ಬ್ಯಾರೇದವರು ದೂಡಿದ್ದು ನಿಂದಲ್ಲ.

ಇಸಾಕಸಾಬ ನೋಡಲು ಬಂದ ದಿನ ಗಡ್ಡದಲ್ಲಿ ಹತ್ತಿಯ ಎಳೆ, ಅಣ್ಣನನ್ನು ಬಿಟ್ಟು ಇವಳ ಕಡೆಗೇ ತಿರುಗಿ, ನಿಮ್ಮ ಮನಸ್ಸಿಗೆ ಬಂದ್ರ ಅಷ್ಟ ರೀ, ಇಲ್ಲಾಂದ್ರ ಚಾ ಕುಡದು ಹೋಗ್ತೇನಿ, ಚಾ ಅಂತೂ ಚಲೋ ಐತಿ — ಅಯ್ಯ, ಈಗಲೂ ನಗು ಬರುತ್ತದೆ, ಸವರಿದ ಹೂವಿಗೆ ಗುರುತಿನ ದಾರ ಕಟ್ಟುತ್ತಾಳೆ, ಬಿಸಿಲು ಹಿತವಾಗಿದೆ, ಎಷ್ಟು ವರ್ಷವಾಯಿತು ಮನಸ್ಸು ಇಷ್ಟು ಹಗುರಾಗಿ. ಕಬೂಲ್, ಅಂದು ನೋಡುತ್ತಾಳೆ, ಮೆಲ್ಲಗೆ, ಗಿಡಕ್ಕೆ, ತಲೆ ಬಗ್ಗಿತು — ಯಾರು? ಗಾಬರಿಯಲ್ಲಿ ಕೈ ಕುತ್ತಿಗೆಯ ಹಿಂದಕ್ಕೆ ಹೋಯಿತು, ಯಾರ ಕೈಯೂ ಇಲ್ಲ, ತನ್ನದೇ. ಪಕ್ಕದ ಸಾಲಿನಿಂದ ಉಡಚವ್ವ, ಏ ಹಸೀನಾ, ಹೂವಿನ ಸಂಗಾಟ ಏನ ಮಾತಾಡಾಕತ್ತೀ, ಆಗಲೇ ಅರಿಷಿಣ ಬ್ಯಾರೆ ಹಚ್ಚಿಕೊಂಡೀಯಲ್ಲ, ಕುತ್ತಿಗಿ ಹಳದಿ ಆಗೇತಿ ನೋಡು, ಒರಸ್ಕೋ — ಇರಲಿ ಬಿಡಬೇ, ಅಂದಳು. ಕುತ್ತಿಗೆಯ ಮೇಲೆ ಐದು ಬೆರಳು, ಹಳದಿ.