ಹೊಳಪು ತೆಗೆಸಿದ ಶಿವಲಿಂಗವ್ವ

ನವನಗರದ ಒಂದು ಕಲ್ಯಾಣ ಮಂಟಪದ ನೆಲಮಾಳಿಗೆಯಲ್ಲಿ ಸಂತೋಷಕುಮಾರ ಬೌಲಿಂಗ್ ಆಟ ಶುರು ಮಾಡಿದ್ದು ೨೦೦೬ರಲ್ಲಿ. ಪುಣೆಯಲ್ಲಿ ಮುಚ್ಚಿಹೋದ ಆಟದ ಮನೆಯೊಂದರಿಂದ ಎರಡು ಲೇನು, ಒಂದಿಷ್ಟು ಹಳೆಯ ಚೆಂಡುಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದ. ನುಣುಪಾದ ಕಟ್ಟಿಗೆಯ ಉದ್ದ ಹಾದಿ, ತುದಿಯಲ್ಲಿ ಬೀಳಿಸಲು ನಿಲ್ಲಿಸಿದ ಬಾಟಲಿಯಂಥ ಹತ್ತು ಪಿನ್ನು, ಬೆರಳು ತೂರಿಸಲು ಮೂರು ತೂತಿರುವ ಭಾರದ ಚೆಂಡು. ಕಾಲೇಜು ಹುಡುಗರು ಬರುತ್ತಾರೆಂದುಕೊಂಡಿದ್ದ. ಬಂದರು ಕೂಡ. ಆದರೆ ಆಟದ ಹುಚ್ಚು ಹಿಡಿದದ್ದು ಅವನ ತಾಯಿಗೆ.

ಶಿವಲಿಂಗವ್ವನಿಗೆ ಆಗ ಐವತ್ತೆಂಟು. ಗುಳೇದಗುಡ್ಡದಲ್ಲಿ ಇಪ್ಪತ್ತೈದು ವರ್ಷ ಮಗ್ಗದ ಕುಣಿಯಲ್ಲಿ ಕೂತು ಕುಪ್ಪಸದ ಖಣ ನೇಯ್ದವಳು. ಮಗನಿಗೆ ಬುತ್ತಿ ತಂದ ಒಂದು ಮಧ್ಯಾಹ್ನ, ಯಾರೂ ಇಲ್ಲದ್ದು ನೋಡಿ, ಸೆರಗು ನಡುವಿಗೆ ಸಿಕ್ಕಿಸಿ ಚೆಂಡು ಉರುಳಿಸಿದಳು. ಲಾಳಿಯ ಹಗ್ಗ ಜಗ್ಗಿ ಪಳಗಿದ ಮಣಿಕಟ್ಟು ಅವಳದು. ಚೆಂಡು ಬಲಗಡೆಯ ಅಂಚಿನವರೆಗೆ ಹೋಗಿ, ಇನ್ನೇನು ಪಕ್ಕದ ಗಟಾರಕ್ಕೆ ಬಿತ್ತು ಎನ್ನುವಾಗ ಎಡಕ್ಕೆ ಹೊರಳಿ ಪಿನ್ನುಗಳ ನಡುವೆ ನುಗ್ಗಿತು. ಹತ್ತೂ ಬಿದ್ದವು.

ಅಲ್ಲಿಂದ ಪ್ರತಿ ಐತವಾರ ಅವಳಿಗೂ ನಿವೃತ್ತ ಪೋಸ್ಟ್ ಮಾಸ್ತರ ಹಣಮಪ್ಪನಿಗೂ ಆಟ. ಹಣಮಪ್ಪನದು ಗೆರೆ ಎಳೆದಂಥ ನೇರ ಏಟು. ಆದರೂ ಹೆಚ್ಚಾಗಿ ಗೆಲ್ಲುತ್ತಿದ್ದವಳು ಶಿವಲಿಂಗವ್ವನೇ.

ಮರುವರ್ಷ ಆಯುಧಗಳನ್ನು ಪೂಜಿಸುವ ಖಂಡೇಪೂಜೆ ಹತ್ತಿರ ಬಂದಾಗ ಅವಳ ನೀಲಿ ಚೆಂಡು ಗೀರು ಬಿದ್ದು ಮಂಕಾಗಿತ್ತು. ಪೂಜೆಗೆ ಇಡುವ ಚೆಂಡು ಚೆಂದ ಕಾಣಲಿ ಎಂದು ಸಂತೋಷಕುಮಾರ ತಾಯಿಗೆ ಹೇಳದೆ ಅದನ್ನು ಇಳಕಲ್ಲಿಗೆ ಒಯ್ದ. ಅಲ್ಲಿ ಮಲೀಕಸಾಬ ಮೂವತ್ತು ವರ್ಷದಿಂದ ಕೆಂಪು ಗ್ರಾನೈಟಿಗೆ ಪಾಲಿಶ್ ಹಿಡಿಯುವವನು. ಮೊದಲು ಮಷಿನ್ನಿಗೆ ಒಡ್ಡಿದ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಕಲ್ಲಲ್ಲ ಇದು ಎಂದು ಮಷಿನ್ ಬಂದ್ ಮಾಡಿ, ಚೆಂಡನ್ನು ಸಿಂಬಿಯ ಮೇಲೆ ಕೂಡಿಸಿ, ನೀರು ಬಿಟ್ಟುಕೊಂಡು ಕೈಯಿಂದಲೇ ತಿಕ್ಕಿದ. ಒರಟು ಉಪ್ಪುಕಾಗದ, ನಯ ಕಾಗದ, ಇನ್ನೂ ನಯ, ಕೊನೆಗೆ ಪುಡಿ ಹಚ್ಚಿದ ಬಟ್ಟೆ. ಮೂರು ದಿನಕ್ಕೆ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು.

ಪೂಜೆಯೇನೋ ಚೆಂದ ಆಯಿತು. ಐತವಾರ ಆಟಕ್ಕೆ ನಿಂತಾಗ ಚೆಂಡು ತಿರುಗಲೇ ಇಲ್ಲ. ಎಣ್ಣೆಯ ಮೇಲೆ ಜಾರಿದಂತೆ ಸೀದಾ ಹೋಗಿ ಗಟಾರ ಸೇರಿತು. ಎರಡನೆಯದೂ ಹಾಗೆಯೇ. ಆ ದಿನ ಹಣಮಪ್ಪ ಅರವತ್ತು ಪಿನ್ನು ಮುಂದಿದ್ದ. ಮಗನ ಮೋರೆ ಸಣ್ಣಗಾದದ್ದು ನೋಡಿ ಶಿವಲಿಂಗವ್ವ, ಪಾಲಿಶ್ ಎಲ್ಲಿ ಹಿಡಿಸಿದ್ದೆಂದಷ್ಟೇ ಕೇಳಿಕೊಂಡಳು. ಮರುದಿನ ಚೆಂಡನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರ ಚೀಲ ಎತ್ತಿ ಸರಿಸಲು ಹೋಗಿ, ಕುಂಬಳಕಾಯಿ ಇಷ್ಟು ಭಾರ ಇರುತ್ತದೆಯೇ ಎಂದು ಕೇಳಿದ. ಹುನಗುಂದದಲ್ಲಿ ಬಸ್ಸು ಬದಲಿಸಿ, ಹನ್ನೊಂದಕ್ಕೆ ಮಲೀಕಸಾಬನ ಮುಂದೆ ನಿಂತಳು.

ಹೊಗಳಲು ಬಂದಿದ್ದಾಳೆಂದು ಅವನು ಚಹಾ ತರಿಸಿದ. ಅವಳು ಚಹಾ ಮುಗಿಸಿ ಬಂದ ಕೆಲಸ ಹೇಳಿದಳು.

ಅವನು ಚೆಂಡನ್ನು ಎತ್ತಿ ತಿರುಗಿಸಿ ನೋಡಿದ. "ಅಕ್ಕಾರ, ಹೊಳಪು ಕೊಡ್ರಿ ಅಂತ ಮೂವತ್ತು ವರ್ಷದಿಂದ ಮಂದಿ ಬರ್ತಾರ. ತಗೀರಿ ಅಂತ ಬಂದವರು ನೀವ ಮೊದಲ್ನೇದವರು. ನನ್ನ ಕೈಲೆ ಆಗಂಗಿಲ್ರಿ."

"ನಿಮ್ಮ ಕೆಲಸಕ್ಕ ನಾ ಹೆಸರಿಡಂಗಿಲ್ಲ ಮಲೀಕಸಾಬ್ರ," ಎಂದಳು ಶಿವಲಿಂಗವ್ವ. "ನೆಲಾ ಹಿಡೀಲಿಲ್ಲಂದ್ರ ಚೆಂಡು ಹೊರಳೂದು ಹೆಂಗ? ನುಣ್ಣನ ಕಲ್ಲಿನ ಮ್ಯಾಲೆ ಹಸಿ ಕಾಲಿಟ್ಟು ನೀವ ಹೊಳ್ಳಿ ನೋಡ್ರಿ."

ಮಲೀಕಸಾಬ ನಕ್ಕುಬಿಟ್ಟ. ಎರಡು ವರ್ಷದ ಹಿಂದೆ ತಾನೇ ಪಾಲಿಶ್ ಹಿಡಿದ ಹಾಸಿನ ಮೇಲೆ ಜಾರಿ ಮೊಣಕೈ ಮುರಿದುಕೊಂಡಿದ್ದನ್ನು ಹೇಳಿದ. ಆಮೇಲೆ ಒರಟು ಕಾಗದ ನೆನೆಸಿ ಸಿಂಬಿ ಎಳೆದುಕೊಂಡ. ಮೊದಲ ಗೀರು ಎಳೆಯುವಾಗ ಕಣ್ಣು ಕಿರಿದು ಮಾಡಿದ. ಮೂರು ದಿನದ ದುಡಿಮೆ ಅದು. ಅವಳು ಎದುರು ಕೂತು, ಬೆರಳಿಂದ ಸವರಿ ನೋಡಿ, ಇನ್ನಷ್ಟು, ಇಲ್ಲಿ ಸಾಕು ಎನ್ನುತ್ತಿದ್ದಳು. ಬಟ್ಟೆಯ ನಯ ನೋಡಿದ ಬೆರಳಿಗೆ ಕಣ್ಣಿಗೆ ಕಾಣದ ಒರಟೂ ತಿಳಿಯುತ್ತಿತ್ತು. ಅರ್ಧ ತಾಸಿನಲ್ಲಿ ಚೆಂಡು ನಾಗರಪಂಚಮಿಯ ಉಂಡಿಯಂತೆ ಮಬ್ಬಾಯಿತು. ಆದರೆ ಒಂದೂ ಆಳವಾದ ಗೀರಿಲ್ಲ, ಸುತ್ತಲೂ ಒಂದೇ ಸಮ. ಅಂಥ ಮಬ್ಬು ಮಾಡುವುದೂ ಸಣ್ಣ ಕೆಲಸವಲ್ಲವೆಂದು ಮಲೀಕಸಾಬನಿಗೆ ಆಗ ಅನಿಸಿತು.

ಐತವಾರ ಅವನೇ ಹೆಂಡತಿ ಅಮೀನಬಿಯನ್ನು ಕರೆದುಕೊಂಡು ನವನಗರಕ್ಕೆ ಬಂದ. ಶಿವಲಿಂಗವ್ವ ಚೆಂಡು ಬಿಟ್ಟಳು. ಅದು ಅಂಚಿಗೆ ಹೋಯಿತು. ಮಲೀಕಸಾಬ ಕುರ್ಚಿಯಿಂದ ಅರ್ಧ ಎದ್ದ. ಎಡಕ್ಕೆ ಹೊರಳಿತು. ಒಂಬತ್ತು ಪಿನ್ನು ಬಿದ್ದವು, ಹತ್ತನೆಯದು ಓಲಾಡಿ ನಿಂತಿತು. ಆ ದಿನದ ಆಟವನ್ನು ಹಣಮಪ್ಪ ಎರಡೇ ಪಿನ್ನಿನಿಂದ ಗೆದ್ದ. ಅದರ ಚಿಂತೆ ಶಿವಲಿಂಗವ್ವನಿಗೆ ಇರಲಿಲ್ಲ.

ಅಷ್ಟರಲ್ಲಿ ಅಮೀನಬಿ ಎದ್ದು ಬಂದು, ತಾನೂ ಒಂದು ಸಲ ಬಿಡಬಹುದೇ ಎಂದು ಮೆಲ್ಲಗೆ ಕೇಳಿದಳು. ಶಿವಲಿಂಗವ್ವ ಚೆಂಡನ್ನು ಅವಳ ಕೈಗಿಟ್ಟು, ಬೆರಳು ಎಲ್ಲಿ ತೂರಿಸಬೇಕೆಂದು ತೋರಿಸತೊಡಗಿದಳು.