ಪದ್ಮವ್ವನ ಹೆಸರಿಗೆ ಬಂದ ನೋಟೀಸು

ಪಾರಿಶ್ವಾಡದ ಪದ್ಮವ್ವನ ಬೆರಳು ನೋಡಿದರೆ ಜರಡಿ ನೆನಪಾಗುತ್ತದೆ. ಮೂವತ್ತು ವರ್ಷ ಕೌದಿ ಹೊಲಿದ ಬೆರಳು. ಹಳೆ ಸೀರೆಗಳನ್ನು ಪದರ ಪದರ ಹಾಸಿ, ಕೂತಲ್ಲೇ ಕೂತು ಸೂಜಿ ಹಾಕಿ ಹಾಕಿ, ಸೊಂಟ ಈಗ ಎದ್ದು ನಿಲ್ಲಲು ಒಪ್ಪುವುದಿಲ್ಲ. ಅವಳ ಪಡಸಾಲೆಯಲ್ಲಿ ಇನ್ನೂ ಏಳು ಹೆಂಗಸರು ಕೂಡಿ ಹೊಲಿಯುತ್ತಾರೆ. ಪ್ರತಿ ಕೌದಿಯ ಮೂಲೆಗೆ ಒಂದು ಕೆಂಪು ಕೋಳಿ. ಅದಕ್ಕೆ ಒಂದೇ ಕಾಲು. ಮೊದಲ ಸಲ ಹೊಲಿದಾಗ ಕೆಂಪು ಬಟ್ಟೆ ಮುಗಿದಿತ್ತು. ಆಮೇಲೆ ಅದೇ ರೂಢಿಯಾಯಿತು. ಖಾನಾಪುರ ಸಂತೆಯಲ್ಲಿ ಜನ ‘ಪದ್ಮವ್ವನ ಕೌದಿ’ ಅಂತಲೇ ಕೇಳಿ ಒಯ್ಯುತ್ತಿದ್ದರು.

ಬೆಳಗಾವಿಯ ಸದಾಶಿವನಗರದಲ್ಲಿ ಗಾಜಿನ ಬಾಗಿಲಿನ ಬಟ್ಟೆ ಅಂಗಡಿ ಇಟ್ಟ ವಿನಯ ಎಂಬಾತ ನಾಲ್ಕು ವರ್ಷ ಇವರ ಕೌದಿ ಒಯ್ದು ಮಾರಿದ. ವಿನಯ ಅವನ ಹೆಸರಿನಲ್ಲಷ್ಟೇ ಇತ್ತು. ಒಂದು ದಿನ ಬರುವುದು ನಿಲ್ಲಿಸಿದ. ಆರು ತಿಂಗಳಿಗೆ ಅವನ ವಕೀಲರಿಂದ ರಿಜಿಸ್ಟರ್ ಪೋಸ್ಟು ಬಂತು, ಪೂರಾ ಇಂಗ್ಲಿಷಿನಲ್ಲಿ. ಪೋಸ್ಟ್‌ಮನ್ ಒಮ್ಮೆ ಓದಿ, ಇನ್ನೊಮ್ಮೆ ಓದಿ, ತಲೆ ಕೆರೆದುಕೊಂಡು ಅರ್ಥ ಹೇಳಿದ. ‘ಪದ್ಮವ್ವ’ ಎಂಬ ಹೆಸರು ಮತ್ತು ಒಂಟಿಕಾಲಿನ ಕೋಳಿ ವಿನಯನ ಟ್ರೇಡ್‌ಮಾರ್ಕು. ಹದಿನೈದು ದಿನದೊಳಗೆ ಪದ್ಮವ್ವ ಅವನ್ನು ಬಳಸುವುದು ಬಿಡಬೇಕು.

“ಹಂಗಾರ ರೇಷನ್ ಕಾರ್ಡಿನ್ಯಾಗ ನನ್ನ ಏನಂತ ಬರೀತಾರ?” ಪದ್ಮವ್ವ ಕೇಳಿದಳು.

ಪೋಸ್ಟ್‌ಮನ್ ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ಹೊರಟ.

ಜೊತೆಗೆ ಹೊಲಿಯುವ ಬಸವಣ್ಣೆವ್ವನನ್ನು ಕರೆದುಕೊಂಡು ಅವಳು ಬಸ್ಸು ಹತ್ತಿ ಅಂಗಡಿಗೆ ಹೋದಳು. ಒಳಗೆ ಮಶೀನಿನ ಕೌದಿ ಸಾಲಾಗಿದ್ದವು; ಎಲ್ಲದರ ಮೇಲೂ ಅದೇ ಕೋಳಿ ಅಚ್ಚಾಗಿತ್ತು. ವಿನಯ ಚಹಾ ತರಿಸಿದ. ಒಂದು ಕಾಗದಕ್ಕೆ ಸಹಿ ಹಾಕಿದರೆ ತಕರಾರು ಮುಗಿಯಿತು, ಬೇಕಾದರೆ ತನಗಾಗಿಯೇ ಹೊಲಿಯಬಹುದು, ಹೆಸರು ಮಾತ್ರ ಹಾಕುವಂತಿಲ್ಲ ಎಂದು ಸಮಾಧಾನದಿಂದ ವಿವರಿಸಿದ.

“ಕಾಯ್ದೇನ ಹಂಗೈತ್ರಿ ಅವ್ವಾರ. ನಾ ಏನ್ ಮಾಡ್ಲಿ?”

“ಚಹಾ ಛಲೋ ಐತ್ರಿ. ಸಹಿ ಆಗೂದಿಲ್ಲ,” ಎಂದು ಪದ್ಮವ್ವ ಕಪ್ಪು ಕೆಳಗಿಟ್ಟಳು.

ಬಸವಣ್ಣೆವ್ವನ ತಂಗಿಯನ್ನು ಬೆಳಗಾವಿಯ ವಡಗಾವಿಗೆ ಮದುವೆ ಮಾಡಿ ಕೊಟ್ಟಿತ್ತು. ಅವಳ ಓಣಿಯ ನೇಕಾರರ ಮಗಳು, ಸಾಕ್ಷಿ ಎಂಬಾಕೆ, ವಕೀಲಿ ಮಾಡುತ್ತಿದ್ದಳು. ಇವರು ಒಯ್ದ ನೋಟೀಸು ಓದಿ, ಕಂಪ್ಯೂಟರಿನಲ್ಲಿ ಹುಡುಕಿ, ನಕ್ಕುಬಿಟ್ಟಳು. ವಿನಯ ಬರೀ ಅರ್ಜಿ ಹಾಕಿದ್ದ, ಮಂಜೂರೇ ಆಗಿರಲಿಲ್ಲ. ಅರ್ಜಿ ಸರಕಾರದ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ಅದರಲ್ಲಿ ಇನ್ನು ಹನ್ನೊಂದು ದಿನ ಉಳಿದಿದ್ದವು. ವ್ಯಾಪಾರದಲ್ಲಿ ಹೆಸರನ್ನು ಮೊದಲು ಬಳಸಿದವರ ಹಕ್ಕು ದೊಡ್ಡದು ಎಂದಳು.

“ಕೋಳಿ ಚಿತ್ರ ಯಾರು ಬರದ್ರೋ ಕಾಪಿರೈಟ್ ಅವರ್ದು. ಅದಕ್ಕ ನೋಂದಣೀನೂ ಬೇಕಂತಿಲ್ಲ. ಆದ್ರ ಹಳೇ ಪುರಾವೆ ತರ್ರಿ.”

ಪುರಾವೆಗೇನು ಕೊರತೆ? ಎಂಟೂ ಹೆಂಗಸರು ಮನೆ ಮನೆ ತಿರುಗಿದರು. ಬೆಕ್ಕು ಮರಿ ಹಾಕಿದ ಕೌದಿ, ಎರಡು ತಲೆಮಾರಿನ ಕೂಸುಗಳು ಉಚ್ಚೆ ಹೊಯ್ದ ಕೌದಿ, ಎಲ್ಲ ಸೇರಿ ಮೂವತ್ತೊಂಬತ್ತು ಸಿಕ್ಕವು. ತೊಟ್ಟಿಲ ಕಾರ್ಯದ ಒಂದು ಫೋಟೋದಲ್ಲಿ ಕೋಳಿಯ ಜೊತೆ ತಾರೀಖೂ ಇತ್ತು, ಹದಿನೆಂಟು ವರ್ಷ ಹಿಂದಿನದು. ಸಾಕ್ಷಿಯ ಕಚೇರಿ ವಾರವಿಡೀ ನಾರಿತು.

ಸುದ್ದಿ ಮುಟ್ಟಿ ವಿನಯ ಫೋನು ಮಾಡಿದ. ಹೆಸರು ನಿಮಗಿರಲಿ, ಕೋಳಿ ನನಗೆ ಬಿಡಿ ಎಂದ. ಕದ್ದ ಕೋಳಿಯಲ್ಲಿ ಮಾಲಕರ ಹತ್ತಿರವೇ ಪಾಲು ಕೇಳುವ ಕಳ್ಳನನ್ನು ಇದೇ ಮೊದಲು ನೋಡಿದ್ದು ಎಂದು ಪದ್ಮವ್ವ ಫೋನು ಇಟ್ಟಳು.

ವಿರೋಧದ ಅರ್ಜಿ ಬರೆಸಲು ಎಂಟೂ ಮಂದಿ ಸಾಕ್ಷಿಯ ಕಚೇರಿಗೆ ಹೋದರು. ತೀರ್ಪಿಗೆ ವರ್ಷಗಳೇ ಹಿಡಿಯಬಹುದು ಎಂದು ಸಾಕ್ಷಿ ಎಚ್ಚರಿಸಿದಳು. ಅಲ್ಲಿಯವರೆಗೆ ಸಂತೆಯಲ್ಲಿ ಮಾರಬಹುದೋ ಇಲ್ಲವೋ ಎಂದಷ್ಟೇ ಪದ್ಮವ್ವ ಕೇಳಿದಳು. ಮಾರಬಹುದು, ಅವನು ಕೋರ್ಟಿನಿಂದ ತಡೆ ತಂದರೆ ಆಗ ಬಡಿದಾಡೋಣ ಎಂದಳು ಸಾಕ್ಷಿ.

ಅರ್ಜಿಯ ಜೊತೆಗೆ ಕೊಡುವ ಅಫಿಡವಿಟ್ಟನ್ನು ಅಲ್ಲಿನ ಟೈಪಿಸ್ಟ್ ಶಿವಲಿಂಗ ಕನ್ನಡದಲ್ಲಿ ಹೊಡೆಯತೊಡಗಿದ. ಪದ್ಮವ್ವನ ಹೆಸರು, ವಯಸ್ಸು, ಊರು ಕೇಳಿ ಹೊಡೆದ. ಉದ್ಯೋಗ ಕೇಳಲಿಲ್ಲ, ತಾನೇ ‘ಮನೆಗೆಲಸ’ ಎಂದು ಹೊಡೆದ. ಹೆಂಗಸರಿಗೆ ಅವನು ಯಾವಾಗಲೂ ಅದನ್ನೇ ಹೊಡೆಯುತ್ತಿದ್ದ. ಬಸವಣ್ಣೆವ್ವ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

“ಅದನ್ನ ಅಳಸ್ರಿ,” ಪದ್ಮವ್ವ ಹೇಳಿದಳು. “ಮಾಲಕರು ಅಂತ ಬರೀರಿ. ಎಂಟೂ ಮಂದಿ ಹೆಸರ ಬರೀರಿ.”

ಅಷ್ಟೊಂದು ಹೆಸರಿಗೆ ಆ ಖಾನೆಯಲ್ಲಿ ಜಾಗವಿಲ್ಲ ಎಂದು ಶಿವಲಿಂಗ ಗೊಣಗಿದ.

“ಜಾಗ ಸಣ್ಣದಿದ್ರ ಅಕ್ಷರ ಸಣ್ಣ ಮಾಡ್ರಿ. ಒಂದ ಹೆಸರೂ ಬಿಡಬ್ಯಾಡ್ರಿ.”